ಓರೆ ಅಕ್ಷರದ ಹಿಂಗಾಲು

ಬಿತ್ತನೆ ಮುಗಿದ ನಾಲ್ಕನೆಯ ದಿನ ಬೆಳಿಗ್ಗೆ ಸೊಸೆ ಹಿತ್ತಲಿಗೆ ಬಂದಾಗ ಹಗ್ಗದ ಮೇಲೆ ಮೂರು ಗೋಣಿಚೀಲಗಳು ನೇತಾಡುತ್ತಿದ್ದವು. ಖಾಲಿಯಾದ ಚೀಲವನ್ನು ಕೊಡವಿ, ಒಗೆದು, ಒಣಗಿಸಿ, ನಾಲ್ಕು ಮಡಿಕೆ ಹಾಕಿ ಅಟ್ಟಕ್ಕೆ ಏರಿಸುವುದು ಅತ್ತೆಯ ಕ್ರಮ. ಒಂದು ಚೀಲ ಆಗಲೇ ಒಗೆದಾಗಿತ್ತು, ತೊಟ್ಟಿಕ್ಕುತ್ತಿತ್ತು. ಇನ್ನೆರಡು ತಮ್ಮ ಸರದಿಗೆ ಕಾಯುತ್ತಿದ್ದವು.

ಅವಳು ನೀರಿನ ಕೊಡ ಹಿಡಿದು ಸುಮ್ಮನೆ ಹಾದುಹೋಗುತ್ತಿದ್ದಳು. ಆದರೆ ಅಕ್ಷರ ಕೊರೆಯುವವಳ ಕಣ್ಣು ಅಕ್ಷರ ಕಂಡಲ್ಲಿ ನಿಲ್ಲದೆ ಇರುವುದಿಲ್ಲ. ‘ನಾಯಿ ಕಂಬ ಕಂಡಲ್ಲಿ ನಿಲ್ಲೋ ಹಾಗೆ’ ಎಂದು ಅವಳ ಗಂಡ ಹಾಸ್ಯ ಮಾಡುತ್ತಿದ್ದ. ಒಂದು ಚೀಲದ ಮೇಲೆ ‘ಬಿತ್ತನೆ ಗೋಧಿ’ ಎಂದಿತ್ತು. ಅದು ತೀರಿಹೋದ ಮಾವ ಅಕ್ಷರದ ತೂತು ಕೊರೆದ ತಗಡನ್ನಿಟ್ಟು, ಮೇಲೆ ಮಸಿ ಬಳಿದು ಹಾಕಿದ್ದು. ಪಕ್ಕದ್ದರ ಮೇಲೆ ‘ಊಟದ ಗೋಧಿ’ ಎಂದಿತ್ತು. ಅದು ಅವಳದೇ ತಗಡು. ಮಸಿ ಚೆನ್ನಾಗಿ ಕೂತಿದೆಯಲ್ಲ, ಎಲ್ಲೂ ಹರಡಿಲ್ಲವಲ್ಲ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡು ಅವಳು ಮುಂದೆ ನಡೆದಳು. ನಾಲ್ಕು ಹೆಜ್ಜೆ ಹೋದ ಮೇಲೆ ಕೊಡ ಕೆಳಗಿಟ್ಟು ತಿರುಗಿ ಬಂದಳು.

ಊಟದ ಗೋಧಿಯ ಚೀಲ ಇಲ್ಲೇಕಿದೆ? ಅಡುಗೆಮನೆಯ ಮೂಲೆಯಲ್ಲಿ ಹೋದ ವರ್ಷದ ಚೀಲ ಇನ್ನೂ ಅರ್ಧ ತುಂಬಿಕೊಂಡು ಕೂತಿದೆ. ಹೊಸದು ತಂದದ್ದೇ ಇಲ್ಲ. ಈ ವರ್ಷ ಗೋದಾಮಿನಿಂದ ಮನೆಗೆ ಬಂದದ್ದು ಮೂರೇ ಚೀಲ. ಮೂರೂ ಹೊಲಕ್ಕೆ ಹೋಗಿದ್ದವು.

“ಅತ್ತೆ,” ಎಂದು ಕರೆದಳು. “ಈ ಚೀಲ ಎಲ್ಲಿಂದ ಬಂತು?”

ಅತ್ತೆ ಒಗೆಯುವ ಕಲ್ಲಿನ ಬಳಿ ಸೆರಗು ಬಿಗಿದು ನಿಂತಿದ್ದರು. “ಎಲ್ಲಿಂದ ಬರುತ್ತೆ, ಆಕಾಶದಿಂದ ಬಿತ್ತಾ? ಗೋದಾಮಿಂದ.”

“ಇದು ಊಟದ್ದು ಅಂತ ಇದೆ.”

“ಯಾರು ಹೇಳಿದ್ದು? ಎಲ್ಲಾ ಓರೆದೇ ನೋಡಿ ನೋಡಿ ಎತ್ಕೊಂಡು ಬಂದಿದ್ದೀನಿ ನಾನು.”

“ಓರೆದು ಅಂದ್ರೆ?”

ಅತ್ತೆ ಅವಳ ಮುಖವನ್ನು, ಜ್ವರ ಬಂದಿದೆಯೇ ಎಂದು ನೋಡುವ ಹಾಗೆ ನೋಡಿದರು. “ಓರೆ ಅಂದ್ರೆ ಬಿತ್ತೋಕೆ, ನೆಟ್ಟಗೆ ಅಂದ್ರೆ ತಿನ್ನೋಕೆ. ಅಕ್ಷರ ಕೊರೆಯೋಳು ನೀನು, ನಾನು ಹೇಳ್ಕೊಡಬೇಕಾ?”

ಸೊಸೆಗೆ ಇದು ಗೊತ್ತಿರಲಿಲ್ಲ. ಈ ಮನೆಗೆ ಬಂದು ಹದಿನಾರು ವರ್ಷವಾಗಿತ್ತು, ಒಂಬತ್ತು ವರ್ಷದಿಂದ ಮಾವನ ಉಳಿ ಹಿಡಿದು ಗೋದಾಮಿನ ಚೀಲಗಳಿಗೆ ತಗಡು ಕೊರೆಯುತ್ತಿದ್ದಳು. ಒಬ್ಬರೂ ಹೇಳಿರಲಿಲ್ಲ.

ಗೋದಾಮಿನಲ್ಲಿ ಊಟದ ಗೋಧಿಯನ್ನು ಒಲೆಮನೆಯ ಬಿಸಿಗಾಳಿಗೆ ಹಾಯಿಸಿ ಚೀಲಕ್ಕೆ ತುಂಬುತ್ತಾರೆ. ಹಾಗೆ ಮಾಡಿದರೆ ಎರಡು ವರ್ಷ ಇಟ್ಟರೂ ಹುಳ ಹಿಡಿಯುವುದಿಲ್ಲ. ಮೊಳೆಯುವುದೂ ಇಲ್ಲ. ನೋಡುವುದಕ್ಕೆ ಮಾತ್ರ ಬಿತ್ತನೆಯ ಕಾಳಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹಾಗಾದರೆ ಹೊಲದಲ್ಲಿ ಮೂರನೆಯ ಒಂದು ಪಾಲು ಸತ್ತ ಕಾಳು ಬಿದ್ದಿದೆ. ಅವಳು ಒಗೆದ ಚೀಲದ ಕಡೆ ನೋಡಿದಳು. ಮಸಿ ಕರಗಿ ಬೂದಿ ಬಣ್ಣದ ಕಲೆಯಾಗಿತ್ತು. ಅದರ ಮೇಲೆ ಏನಿತ್ತು? ಅದೂ ಊಟದ್ದೇ ಆಗಿದ್ದರೆ ಮೂರರಲ್ಲಿ ಎರಡು ಪಾಲು ಹೋದ ಹಾಗೆ. ಮನೆಗೆ ವರ್ಷದ ಕಾಳು ಬರುವುದು ಅದೊಂದೇ ಹೊಲದಿಂದ.

“ಮಣ್ಣಲ್ಲಿ ಹದ ಎಷ್ಟು ದಿನ ಇರುತ್ತೆ ಅತ್ತೆ?”

ಅತ್ತೆಗೆ ಈಗ ಅರ್ಥವಾಗಿತ್ತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಿಸಿಲಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. “ಈ ಬಿಸಿಲಲ್ಲಿ ಎರಡು ದಿನ. ಹೆಚ್ಚಂದ್ರೆ ಮೂರು.”

ಪೈರು ಮೇಲೆ ಕಾಣಬೇಕಾದರೆ ಇನ್ನೂ ನಾಲ್ಕು ದಿನ ಬೇಕು. ಎಲ್ಲಿ ಹುಟ್ಟಿಲ್ಲ ಎಂದು ನೋಡಿ ಅಲ್ಲಿಗೆ ಮತ್ತೆ ಬಿತ್ತೋಣ ಎಂದರೆ ಅಷ್ಟರಲ್ಲಿ ಮಣ್ಣು ಒಣಗಿ ಹೆಂಟೆಯಾಗಿರುತ್ತದೆ. ಈಗಲೇ ಹೊಲವನ್ನೆಲ್ಲ ಕೆದಕಿ ಬಿತ್ತಿದರೆ ಮಣ್ಣೊಳಗೆ ಬಾಯಿ ಬಿಡುತ್ತಿರುವ ಒಳ್ಳೆಯ ಕಾಳೂ ಹಾಳು. ಯಾವ ಚೀಲ ಹೊಲದ ಯಾವ ಕಡೆಗೆ ಹೋಯಿತು ಎಂದು ಗೊತ್ತಾಗಬೇಕು. ಅದೂ ನಾಳೆಯೊಳಗೆ.

ಅವಳು ಚಪ್ಪಲಿ ಮೆಟ್ಟಿಕೊಂಡು ಗೋದಾಮಿಗೆ ಹೊರಟಳು. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು ಗಿರಕಿ ಹೊಡೆಯುತ್ತಿತ್ತು: ಓರೆ ಅಂದರೆ ಬಿತ್ತೋಕೆ.

ಇದೆಲ್ಲ ಶುರುವಾದದ್ದು ಹೊಸ ಮೇನೇಜರು ಬಂದ ಮೇಲೆ. ಅದಕ್ಕೆ ಮೊದಲು ಗೋದಾಮಿನಲ್ಲಿ ಎರಡು ಬಗೆಯ ತಗಡುಗಳಿದ್ದವು. ಒಂದು, ನೆಟ್ಟಗೆ ನಿಂತ ದಪ್ಪ ಅಕ್ಷರ. ಪ್ರತಿ ಕಂಬದ ತಲೆಗೂ ಬುಡಕ್ಕೂ ಇಟ್ಟಿಗೆಯಂಥ ಚಪ್ಪಟೆ ಪಾದ. ಅದನ್ನು ಎಲ್ಲರೂ ಇಟ್ಟಿಗೆ ಅಕ್ಷರ ಎನ್ನುತ್ತಿದ್ದರು. ಗೋಣಿಯ ನೇಯ್ಗೆ ಒರಟು. ತೆಳುವಾದ ಗೆರೆ ಎಳೆದರೆ ಮಸಿ ದಾರದ ಸಂದಿಗೆ ಇಳಿದು ಮಾಯವಾಗುತ್ತದೆ. ಚೂಪಾದ ತುದಿ ಎರಡು ಸಲ ಹೆಗಲಿಗೆ ಉಜ್ಜಿದರೆ ಹೋಗುತ್ತದೆ. ‘ಪಾದ ಗಟ್ಟಿ ಇದ್ರೆ ಅಕ್ಷರ ಸತ್ರೂ ಹೆಣ ಗುರುತು ಸಿಗುತ್ತೆ’ ಎಂದು ಮಾವ ಹೇಳುತ್ತಿದ್ದರು.

ಇನ್ನೊಂದು ಬಗೆ, ಅದೇ ಇಟ್ಟಿಗೆ ಅಕ್ಷರ ಬಲಕ್ಕೆ ವಾಲಿದ್ದು. ಅದರಲ್ಲಿ ಇದ್ದದ್ದು ‘ಬಿತ್ತನೆ ಗೋಧಿ’ ಎಂಬ ಒಂದೇ ಒಂದು ತಗಡು. ಉಳಿದ ಅಕ್ಷರಗಳನ್ನು ಮಾವ ಓರೆಯಲ್ಲಿ ಮಾಡಿಯೇ ಇರಲಿಲ್ಲ. ಯಾಕೆ ಇದೊಂದು ಓರೆ ಎಂದು ಅವಳು ಕೆಲಸ ಕಲಿಯುವಾಗ ಕೇಳಿದ್ದಳು. “ಚೀಲ ಸಣ್ಣದು, ಪದ ಉದ್ದ. ಓರೆ ಮಾಡಿದ್ರೆ ಹಿಡಿಸುತ್ತೆ,” ಎಂದಿದ್ದರು. ಅಕ್ಷರ ವಾಲಿಸಿದರೆ ಜಾಗ ಉಳಿಯುವುದಿಲ್ಲ, ಇನ್ನಷ್ಟು ಬೇಕಾಗುತ್ತದೆ ಎಂದು ಅವಳಿಗೆ ಆಮೇಲೆ ತಿಳಿಯಿತು. ಹಿರಿಯರು, ಏನೋ ಹೇಳಿದರು ಎಂದುಕೊಂಡು ಬಿಟ್ಟುಬಿಟ್ಟಳು.

ಹೊಸ ಮೇನೇಜರು ಬಂದ ವಾರದಲ್ಲೇ ಆ ತಗಡನ್ನು ಬೆಳಕಿಗೆ ಹಿಡಿದು ನೋಡಿದರು. “ಇದು ನೋಡಮ್ಮ, ಓಡ್ತಾ ಇರೋ ಹಾಗಿದೆ. ಆ ಇನ್ನೊಂದು ಗೋಡೆ ಕಟ್ಟಿದ ಹಾಗೆ ನಿಂತ್ಬಿಟ್ಟಿದೆ. ನಮ್ಮ ಗೋದಾಮು ಮುಂದಕ್ಕೆ ಹೋಗ್ತಾ ಇದೆ ಅಂತ ಜನಕ್ಕೆ ಅನ್ನಿಸಬೇಕು. ಎಲ್ಲಾ ಚೀಲಕ್ಕೂ ಇದನ್ನೇ ಮಾಡ್ಬಿಡಿ,” ಎಂದರು. ಬಿತ್ತನೆಯದು ಹೇಗೂ ಇದೆ, ಅದನ್ನು ಮತ್ತೆ ಕೊರೆಯುವುದು ಬೇಡ, ಉಳಿದದ್ದನ್ನೆಲ್ಲ ಹೊಸದಾಗಿ ಮಾಡಿ ಎಂದರು.

ಅವಳಿಗೆ ಖುಷಿಯಾಗಿತ್ತು. ಒಂಬತ್ತು ವರ್ಷ ಮಾವನ ತಗಡು ಸವೆದಾಗ ಅದರ ಮೇಲೆ ಹೊಸ ತಗಡಿಟ್ಟು ಗೀಚಿ ಕೊರೆದದ್ದೇ ಹೊರತು ತನ್ನದೆಂದು ಒಂದು ಅಕ್ಷರವನ್ನೂ ಅವಳು ಮಾಡಿರಲಿಲ್ಲ. ಈಗ ಒಂದಲ್ಲ, ಎಲ್ಲವೂ.

ಶುರು ಮಾಡಿದ ಮೇಲೆ ಗೊತ್ತಾಯಿತು, ವಾಲಿಸುವುದು ಬೇರೆ, ದಬ್ಬುವುದು ಬೇರೆ ಎಂದು. ನೆಟ್ಟಗಿನ ಅಕ್ಷರವನ್ನು ಕಾಗದದ ಮೇಲೆ ಹಾಗೇ ಬಲಕ್ಕೆ ಜಾರಿಸಿ ಬರೆದಳು. ಅದು ನಡೆಯುತ್ತಿರುವ ಹಾಗೆ ಕಾಣಲಿಲ್ಲ, ಯಾರೋ ಹಿಂದಿನಿಂದ ತಳ್ಳಿದ ಹಾಗೆ ಕಂಡಿತು. ಇಟ್ಟಿಗೆ ಪಾದಗಳು ಒಂದು ಕಡೆ ಚೂರಿಯ ಮೊನೆಯಾದವು, ಇನ್ನೊಂದು ಕಡೆ ಮೊಂಡಾದವು. ದುಂಡಗಿನ ಅಕ್ಷರಗಳ ಹೊಟ್ಟೆ ಒಂದು ಪಕ್ಕಕ್ಕೆ ಇಳಿಬಿತ್ತು. ಆ ಹೊಟ್ಟೆ ಕಳಚಿ ಬೀಳದಂತೆ ನಡುವೆ ಬಿಡುವ ಸಣ್ಣ ತಗಡಿನ ಪಟ್ಟಿ ಓರೆಯಲ್ಲಿ ಕೊರೆದರೆ ಎರಡೇ ದಿನಕ್ಕೆ ಹರಿಯಿತು. ಎಷ್ಟು ವಾಲಬೇಕು ಎಂಬುದೂ ಗೊತ್ತಿರಲಿಲ್ಲ. ಮಾವನ ಪೆಟ್ಟಿಗೆಯಲ್ಲಿದ್ದ ಯಾವ ಅಳತೆಪಟ್ಟಿಯೂ ಅವರ ಓರೆಗೆ ಹೊಂದಲಿಲ್ಲ. ಮೂರು ದಿನ ಹುಡುಕಿ ಬೇಸತ್ತು, ಗಾಳಿಗೆ ಹೊಡೆದುಕೊಳ್ಳುತ್ತಿದ್ದ ಬಾಗಿಲಿಗೆ ಮರದ ಬೆಣೆ ಒದ್ದು ಸಿಕ್ಕಿಸುವಾಗ ಅದರ ಓರೆ ಕಣ್ಣಿಗೆ ಬಿತ್ತು. ಬೆಣೆಯನ್ನು ತಂದು ತಗಡಿನ ಮೇಲಿಟ್ಟಳು. ಕೂದಲಷ್ಟೂ ಆಚೀಚೆ ಇಲ್ಲ. ಈ ಮನುಷ್ಯ ಬಾಗಿಲ ಬೆಣೆಯಿಂದ ಅಕ್ಷರ ಓರೆ ಮಾಡಿದ್ದಾರಲ್ಲ ಎಂದು ಒಬ್ಬಳೇ ನಕ್ಕಿದ್ದಳು.

ಓರೆ ಸಿಕ್ಕಿತು, ನಡಿಗೆ ಸಿಗಲಿಲ್ಲ. ಅದು ಸಿಕ್ಕಿದ್ದು ಗೋದಾಮಿನ ಅಂಗಳದಲ್ಲಿ. ಬೆನ್ನ ಮೇಲೆ ಚೀಲ ಹೊತ್ತ ಹಮಾಲರು ಲಾರಿಯಿಂದ ಒಳಕ್ಕೆ ಹೋಗುತ್ತಿದ್ದರು. ಮೈ ಮುಂದಕ್ಕೆ ಬಾಗಿದೆ, ಮುಂಗಾಲು ನೆಲಕ್ಕೆ ಚಪ್ಪಟೆಯಾಗಿ ಊರಿದೆ, ಹಿಂಗಾಲಿನ ಹಿಮ್ಮಡಿ ಮೇಲೆದ್ದಿದೆ. ಮನೆಗೆ ಬಂದವಳೇ ಪ್ರತಿ ಅಕ್ಷರದ ಬುಡದಲ್ಲಿ ಎಡಗಡೆಯ ಪಾದವನ್ನು ತೆಗೆದುಹಾಕಿದಳು. ಬಲಗಡೆಯದು ಮಾತ್ರ ದಪ್ಪಗೆ ಉಳಿಯಿತು. ಅಕ್ಷರ ಥಟ್ಟನೆ ಎದ್ದು ನಡೆಯಿತು! ಮಾವನ ಓರೆಯಲ್ಲಿ ಎರಡೂ ಪಾದ ನೆಲಕ್ಕೆ ಅಂಟಿಕೊಂಡೇ ಇದ್ದವು. ತನ್ನದು ಅವರದಕ್ಕಿಂತ ಒಂದು ಕೈ ಮೇಲೆಂದು ಅವಳಿಗೆ ಮೊದಲ ಸಲ ಅನ್ನಿಸಿತು. ಅನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ಮೇನೇಜರಿಗಂತೂ ಬಲು ಇಷ್ಟವಾಯಿತು. ಚೀಲಕ್ಕೆ, ಲಾರಿಯ ಬಾಗಿಲಿಗೆ, ತೂಕದ ಕೋಣೆಗೆ, ‘ಕೈ ತೊಳೆಯಿರಿ’ ಎಂಬ ಬೋರ್ಡಿಗೆ ಕೂಡ ಅದನ್ನೇ ಹಾಕಿಸಿದರು.

ಅವಳು ಹೋದಾಗ ಅವರು ಆ ಬೋರ್ಡಿನ ಕೆಳಗೇ ಕೈ ತೊಳೆಯುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿದರು.

“ಚೀಲದ ಮೇಲೆ ಬರೆದಿತ್ತಲ್ಲಮ್ಮ, ಊಟದ್ದು ಅಂತ?”

“ಬರೆದಿತ್ತು ಸಾರ್. ನಾನೇ ಬರೆದಿದ್ದು.”

“ಮತ್ತೆ? ಓರೆ ಅಂದ್ರೆ ಬಿತ್ತನೆ ಅಂತ ಯಾವ ಪುಸ್ತಕದಲ್ಲಿದೆ? ಯಾವ ಕಾಗದದಲ್ಲಿದೆ? ನನಗಂತೂ ಚಾರ್ಜ್ ಕೊಟ್ಟೋರು ಹೇಳಿಲ್ಲ.”

ಅವರು ಹೇಳುವುದರಲ್ಲಿ ಅವಳಿಗೆ ತಪ್ಪೇನೂ ಕಾಣಲಿಲ್ಲ. ಅತ್ತೆ ಹೇಳಿದ್ದರಲ್ಲೂ ಕಾಣಲಿಲ್ಲ. ಅಷ್ಟರಲ್ಲಿ ಚೀಲದ ರಾಶಿಯ ಮೇಲೆ ಕೂತಿದ್ದ ಹಿರಿಯ ಹಮಾಲ ಕೆಳಗಿಳಿದು ಬಂದ.

“ಅಯ್ಯೋ, ನಿಮಗೆ ಗೊತ್ತಿರಲಿಲ್ವಾ ಅಕ್ಕ? ನಾವೆಲ್ಲ ಅದನ್ನ ನೋಡ್ಕೊಂಡೇ ಅಲ್ವಾ ಇಷ್ಟು ವರ್ಷ ಒಟ್ಟಿದ್ದು? ಓರೆದು ಆ ಗೋಡೆಗೆ, ನೆಟ್ಟಗಿಂದು ಈ ಗೋಡೆಗೆ. ಈ ವರ್ಷ ಎಲ್ಲಾ ಓರೆ ಬಂತು. ಸರಿ, ಈ ಸಲ ಸರ್ಕಾರ ಎಲ್ಲರಿಗೂ ಬಿತ್ತಿ ಅಂತಿದೆ ಅಂದ್ಕೊಂಡು ಒಟ್ಟಿಗೇ ಒಟ್ಟಿದ್ವಿ.”

“ಯಾಕಯ್ಯ ಹೇಳ್ಲಿಲ್ಲ?” ಎಂದರು ಮೇನೇಜರು.

“ನೀವು ಓದಿದೋರು ಸಾರ್. ನಿಮಗೆ ಗೊತ್ತಿಲ್ದೆ ಇರುತ್ತಾ ಅಂತ.”

ಮೇನೇಜರು ಅವಳ ಮುಖ ನೋಡಿದರು. ಅವಳು ಅವರ ಮುಖ ನೋಡಿದಳು. ಆ ಅಂಗಳದಲ್ಲಿ ಹದಿನೈದು ಜನರಿದ್ದರು. ಓರೆ ಅಕ್ಷರದ ಅರ್ಥ ಗೊತ್ತಿಲ್ಲದವರು ಅವರಿಬ್ಬರೇ.

ಆಮೇಲೆ ಮೇನೇಜರು ಸುಮ್ಮನೆ ಕೂರಲಿಲ್ಲ. ಯಾವ ಮನೆಗೆ ಎಷ್ಟು ಚೀಲ ಹೋಗಿದೆ ಎಂದು ತೆಗೆಸಿ, ಗೇಟಿನವನಿಗೆ ಸೈಕಲ್ ಕೊಟ್ಟು, ಇನ್ನೂ ಬಿತ್ತದೆ ಇದ್ದವರ ಮನೆಗಳಿಗೆಲ್ಲ ಓಡಿಸಿದರು. ಅವಳಿಗೆ ಒಂದು ಚೀಲ ಬಿತ್ತನೆ ಕಾಳು ತೆಗೆದಿಡಲು ಹೇಳಿದರು. “ಒಂದೋ ಎರಡೋ ನೋಡ್ಕೊಂಡು ಹೇಳಿ. ಇರೋದೇ ಸ್ವಲ್ಪ, ಉಳಿದೋರಿಗೂ ಬೇಕಾಗುತ್ತೆ,” ಎಂದರು. ಒಂದೋ ಎರಡೋ! ಅದು ಗೊತ್ತಿದ್ದರೆ ಅವಳೇಕೆ ಇಲ್ಲಿ ನಿಲ್ಲುತ್ತಿದ್ದಳು.

ಹೊಲಕ್ಕೆ ಕೂರಿಗೆ ಹೊಡೆದದ್ದು ಪಕ್ಕದ ಮನೆಯ ಟ್ರ್ಯಾಕ್ಟರಿನ ದೊಡ್ಡಪ್ಪ. ಊರಲ್ಲಿ ಅವನಿಗೆ ಗೊಣಗಪ್ಪ ಎಂದೇ ಹೆಸರು. ಅವನು ಟ್ರ್ಯಾಕ್ಟರಿನ ಅಡಿಯಲ್ಲಿ ಅಂಗಾತ ಮಲಗಿ ಏನನ್ನೋ ಬಿಗಿಯುತ್ತಿದ್ದ. ಕಾಲು ಮಾತ್ರ ಹೊರಗಿದ್ದವು. ಅವಳು ಕಾಲುಗಳಿಗೇ ವಿಷಯ ಹೇಳಿದಳು.

“ಯಾವ ಚೀಲ ಮೊದಲು ಸುರಿದ್ರು, ನೆನಪಿದೆಯಾ ದೊಡ್ಡಪ್ಪ?”

“ನಂಗೇನು ಗೊತ್ತು?” ಎಂದವು ಕಾಲುಗಳು. “ನಾನು ಮುಂದೆ ನೋಡ್ಕೊಂಡು ಓಡಿಸೋನು. ಹಿಂದೆ ಪೆಟ್ಟಿಗೆಗೆ ಕಾಳು ಸುರಿಯೋರು ನಿಮ್ಮತ್ತೆ. ಕಾಲುವೆ ಬದುವಿಂದ ಶುರು ಮಾಡಿದ್ವಿ, ಬೇವಿನ ಮರದ ಹತ್ರ ಮುಗಿಸಿದ್ವಿ. ಮೂರು ಸಲ ನಿಲ್ಲಿಸಿದೆ, ಮೂರು ಸಲ ಬೈಸ್ಕೊಂಡೆ, ಸಾಲು ಸೊಟ್ಟ ಅಂತ. ಅಷ್ಟೇ ನಂಗೆ ಗೊತ್ತು. ಅಲ್ಲಮ್ಮ, ಸೊಟ್ಟ ಅಕ್ಷರ ಮಾಡಿ ಹೊಲ ಕೆಡಿಸಿದೋಳು ಸೊಸೆ, ಸೊಟ್ಟ ಸಾಲು ಅಂತ ಬೈಸ್ಕೊಳ್ಳೋನು ನಾನು. ಇದ್ಯಾವ ನ್ಯಾಯ?”

ಅವಳು ಮನೆಗೆ ಬಂದಾಗ ಮಧ್ಯಾಹ್ನ ತಿರುಗಿತ್ತು. ಗಂಡ ಬಸ್ಸು ಓಡಿಸುವವನು, ಬರುವುದು ಸಂಜೆಗೆ. ಅತ್ತೆ ಮೂರು ಚೀಲಗಳನ್ನೂ ಹಗ್ಗದಿಂದ ಇಳಿಸಿ ಹಜಾರದ ನೆಲದ ಮೇಲೆ ಸಾಲಾಗಿ ಹಾಸಿಕೊಂಡು ಕೂತಿದ್ದರು. ಊಟ ಮಾಡಿದ ಹಾಗೆ ಕಾಣಲಿಲ್ಲ.

“ಅತ್ತೆ, ಸುರಿದದ್ದು ಯಾವುದು ಮೊದಲು ಅಂತ ನೆನಪು ಮಾಡ್ಕೊಳ್ಳಿ.”

“ಅದೇನು ನೆನಪು ಮಾಡ್ಕೊಳ್ಳೋದು? ಕುಂಟಂದು ಮೊದಲು ಸುರಿದೆ.”

“ಕುಂಟಂದಾ?”

ಅತ್ತೆ ಊಟದ ಗೋಧಿಯ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು ಅಕ್ಷರಗಳ ಬುಡದಲ್ಲಿ ಹೆಬ್ಬೆರಳು ಆಡಿಸಿದರು. “ಇಲ್ನೋಡು. ಇದಕ್ಕೆ ಹಿಂಗಾಲೇ ಇಲ್ಲ. ಇದಕ್ಕೂ ಇಲ್ಲ, ಇದಕ್ಕೂ ಇಲ್ಲ. ಎಲ್ಲಾ ಮುಂಗಾಲಲ್ಲೇ ನಿಂತಿದಾವೆ. ಇದೊಂದು ಕುಂಟು ಮೂಟೆ ಬಂದಿದೆಯಲ್ಲಪ್ಪ, ಬೇಗ ಖಾಲಿಯಾಗ್ಲಿ ಅಂತ ಮೊದಲೇ ಎತ್ತಿ ಸುರಿದುಬಿಟ್ಟೆ.”

ಸೊಸೆ ನೆಲದ ಮೇಲೆ ಕೂತಳು. ಮೇನೇಜರು ನೋಡದ್ದು, ಹಮಾಲರು ನೋಡದ್ದು, ಚೀಲಕ್ಕೆ ದಿನವೂ ಮಸಿ ಹಾಕುವವರು ನೋಡದ್ದು ಇದು. ಒಂದು ಅಕ್ಷರವನ್ನೂ ಓದಲು ಬಾರದ ಮುದುಕಿ ಅಂಗಳದಲ್ಲಿ ನಿಂತು ನೋಡಿದ್ದಾರೆ.

“ಗೋದಾಮಿನಲ್ಲೇ ಕಂಡಿತ್ತಾ ನಿಮಗೆ?”

“ಕಾಣದೆ ಏನು? ಕಣ್ಣಿದೆಯಲ್ಲ.”

“ಬೇರೆ ಥರ ಇದೆ ಅಂತ ಗೊತ್ತಾದ ಮೇಲೂ ಯಾಕೆ ತಂದ್ರಿ?”

ಅತ್ತೆ ಗೋಣಿಯಿಂದ ಎದ್ದ ಒಂದು ಎಳೆಯನ್ನು ಕಿತ್ತು ಬೆರಳಿಗೆ ಸುತ್ತಿಕೊಂಡರು. “ನೀನು ಮಾಡಿದ್ದು ಅಂತ ಗೊತ್ತಿತ್ತು. ಹುಡುಗಿ ಏನೋ ಅವಸರದಲ್ಲಿ ಕಾಲು ಮರ್ತಿದಾಳೆ, ಹತ್ತು ಜನದ ಮುಂದೆ ಯಾಕೆ ಹೇಳ್ಲಿ ಅಂತ ಸುಮ್ಮನೆ ತಂದೆ.”

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆ ಕಾಲು ತೆಗೆಯುವುದಕ್ಕೆ ಅವಳು ಎಷ್ಟು ದಿನ ಒದ್ದಾಡಿದ್ದಳು! ಅದನ್ನು ಹೇಳುವ ಹೊತ್ತು ಇದಲ್ಲ. ಅದಕ್ಕಿಂತ ಮುಖ್ಯವಾದದ್ದು ನೆಲದ ಮೇಲೆ ಹಾಸಿತ್ತು.

“ಈ ಒಗೆದಿದ್ದು?”

“ಇದು ಮೂರನೇದು, ಕೊನೇಲಿ ಸುರಿದಿದ್ದು. ಇದೂ ಕುಂಟಾಗಿತ್ತಾ ಇಲ್ವಾ...” ಅತ್ತೆಯ ದನಿ ಮೊದಲ ಸಲ ಅಳುಕಿತು. “ಅಷ್ಟು ಹೊತ್ತಿಗೆ ಆ ಗೊಣಗಪ್ಪನ ಜೊತೆ ಜಗಳ ಹತ್ಕೊಂಡಿತ್ತು. ನೋಡ್ಲಿಲ್ಲ ಕಣೆ.”

ಇಬ್ಬರೂ ಚೀಲವನ್ನು ಹಿಡಿದು ಬಾಗಿಲ ಬೆಳಕಿಗೆ ತಂದರು. ಸಾಬೂನು ಹಾಕಿ ಕಲ್ಲಿಗೆ ಬಡಿದದ್ದು. ಕಂಬಗಳು ಕರಗಿದ್ದವು, ದುಂಡುಗಳು ಹೋಗಿದ್ದವು. ಸೊಸೆ ಎಷ್ಟು ಓದಲು ನೋಡಿದರೂ ಒಂದು ಅಕ್ಷರ ಹುಟ್ಟಲಿಲ್ಲ. ಉದ್ದ ನೋಡಿ ಹೇಳೋಣವೆಂದರೆ ಎರಡು ಪದಗಳೂ ಹೆಚ್ಚುಕಡಿಮೆ ಒಂದೇ ಉದ್ದ. ಅವಳು ಮೂಗು ತಾಗುವಷ್ಟು ಹತ್ತಿರ ಹಿಡಿದಳು, ದೂರ ಹಿಡಿದಳು, ಕಣ್ಣು ಮಂಜಾಯಿತು.

“ಓದಬೇಡ,” ಎಂದರು ಅತ್ತೆ. “ಬುಡ ನೋಡು.”

ಬುಡದಲ್ಲಿ, ಬೂದಿ ಕಲೆಯ ಅಡಿಯಲ್ಲಿ, ಸಣ್ಣ ಸಣ್ಣ ಕಪ್ಪು ಇಟ್ಟಿಗೆಗಳು ಸಾಲಾಗಿ ಉಳಿದಿದ್ದವು. ದಪ್ಪ ಪಾದ, ಗೋಣಿ ಅಲ್ಲಿ ಮಸಿಯನ್ನು ಹೆಚ್ಚು ಕುಡಿದಿತ್ತು. ಅಕ್ಷರ ಸತ್ತಿತ್ತು, ಹೆಣದ ಗುರುತು ಇತ್ತು. ಅತ್ತೆ ಬೆರಳಿಟ್ಟು ಎಣಿಸತೊಡಗಿದರು. ಓದಲು ಬಾರದಿದ್ದರೂ ಅವರಿಗೆ ಎಣಿಸಲು ಬರುತ್ತಿತ್ತು. ಎರಡು, ಒಂದು ಖಾಲಿ ಜಾಗ, ಮತ್ತೆ ಎರಡು. ಮತ್ತೆ ಎರಡು.

“ಎರಡೆರಡು ಕಾಲು,” ಎಂದರು. ಆಮೇಲೆ ಇನ್ನೊಂದು ಸಲ ಎಣಿಸಿದರು. “ಎರಡೆರಡು. ಇದು ಅವರದು. ಬಿತ್ತೋದು.”

ಸೊಸೆ ತಾನೂ ಎಣಿಸಿದಳು. ನಂಬಿಕೆ ಬರಲಿಲ್ಲ. ಒಳಗಿನಿಂದ ಮಾವನ ಹಳೆಯ ತಗಡೊಂದನ್ನು ತಂದು, ಸವೆದು ಮೂಲೆಗೆ ಹಾಕಿದ್ದು, ಚೀಲದ ಮೇಲಿಟ್ಟಳು. ಪ್ರತಿ ಇಟ್ಟಿಗೆಯೂ ತನ್ನ ತೂತಿನಲ್ಲಿ ಬಂದು ಕೂತಿತು.

ಹಾಗಾದರೆ ಸತ್ತದ್ದು ಒಂದೇ ಚೀಲ. ಅದು ಮೊದಲು ಸುರಿದದ್ದು, ಕಾಲುವೆ ಬದುವಿನ ಕಡೆಯದು. ಅಲ್ಲಿಂದ ಎಲ್ಲಿಯವರೆಗೆ ಎಂಬುದಕ್ಕೂ ಗೊಣಗಪ್ಪನ ಜಗಳವೇ ಸಾಕ್ಷಿಯಾಯಿತು. ಎರಡನೆಯ ಚೀಲ ಸುರಿಯಲು ಟ್ರ್ಯಾಕ್ಟರ್ ನಿಲ್ಲಿಸಿದಲ್ಲಿ ಸಾಲು ಒಂದು ಮೊಳ ಸೊಟ್ಟಗಿತ್ತು. ಅತ್ತೆ ಬೈದದ್ದು ಅದಕ್ಕೇ.

ಮಾರನೆಯ ಬೆಳಿಗ್ಗೆ ಗೋದಾಮಿನಿಂದ ಒಂದು ಚೀಲ ತಂದು, ಕಾಲುವೆ ಬದುವಿನಿಂದ ಸೊಟ್ಟ ಸಾಲಿನವರೆಗೆ ಮತ್ತೆ ಕೂರಿಗೆ ಹೊಡೆದರು. ಚೀಲದ ಮೇಲೆ ಎರಡೆರಡು ಕಾಲು ಇವೆಯೇ ಎಂದು ಅತ್ತೆ, ಸೊಸೆ, ಗೊಣಗಪ್ಪ ಮೂವರೂ ನೋಡಿದರು. ಮಣ್ಣನ್ನು ಹಿಡಿಯಲ್ಲಿ ಒತ್ತಿದರೆ ಉಂಡೆಯಾಗುತ್ತಿತ್ತು, ಆದರೆ ಬೆರಳು ಬಿಟ್ಟ ಕೂಡಲೇ ಬಿರಿಯುತ್ತಿತ್ತು. ಹದ ಇದೆ ಎನ್ನಬೇಕೋ ಇಲ್ಲ ಎನ್ನಬೇಕೋ ಗೊಣಗಪ್ಪನಿಗೂ ತಿಳಿಯಲಿಲ್ಲ. ಅವನು ಈ ಸಲ ಗೊಣಗದೆ ಓಡಿಸಿದ. ಅದೇ ಅವರಿಗೆ ಹೆಚ್ಚು ಭಯ ಹುಟ್ಟಿಸಿತು.

ಅವತ್ತು ಸಂಜೆ ಬೀನ್ಸ್ ಬಿಡಿಸುತ್ತಾ ಕೂತಿದ್ದಾಗ ಸೊಸೆ ಕೇಳಿದಳು. “ಮಾವ ಅದನ್ನ ಓರೆ ಮಾಡಿದ್ದು ಯಾಕೆ ಅತ್ತೆ? ಜಾಗ ಹಿಡಿಸ್ಲಿ ಅಂತ ನನ್ನ ಹತ್ರ ಹೇಳಿದ್ರು.”

“ನಿನ್ನ ಹತ್ರ ಹಾಗೆ ಹೇಳಿದ್ರಾ? ನನ್ನ ಹತ್ರ ಚಂದ ಕಾಣ್ಲಿ ಅಂತ ಅಂದ್ರು.” ಅತ್ತೆ ಒಂದು ಹುಳುಕು ಕಾಯನ್ನು ಆಚೆ ಎಸೆದರು. “ಆಗ ನಾನೂ ಗೋದಾಮಿನಲ್ಲಿ ಮೂಟೆ ಒಟ್ಟೋ ಕೆಲಸಕ್ಕೆ ಹೋಗ್ತಿದ್ದೆ. ಆಗೆಲ್ಲ ಅಕ್ಷರ ನೆಟ್ಟಗೇ ಇದ್ದಿದ್ದು. ಒಂದು ವರ್ಷ ಬಿತ್ತೋದನ್ನ ಒಲೆಮನೆಗೆ ಒಟ್ಟಿಬಿಟ್ಟೆ. ದೊಡ್ಡ ಗಲಾಟೆ ಆಯ್ತು. ಓದೋಕೆ ಬರಲ್ವಾ ಅಂದ್ರು ಎಲ್ಲರೂ. ನಿಮ್ಮ ಮಾವ ಏನೂ ಅನ್ನಲಿಲ್ಲ. ಅದರ ಮುಂದಿನ ವರ್ಷ ಇದು ಓರೆಯಾಗಿ ಬಂತು.”

“ನಿಮಗೋಸ್ಕರ ಮಾಡಿದ್ರು ಹಾಗಾದ್ರೆ.”

“ಯಾರಿಗೆ ಗೊತ್ತು? ನಾನು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ. ಬಾಗಿಲ ಬೆಣೆ ಒಂದು ವಾರ ಕಾಣದೆ, ಬಾಗಿಲು ಪಟಾರ್ ಪಟಾರ್ ಅಂತ ಬಡ್ಕೊಳ್ತಿತ್ತು. ಅದೊಂದು ನೆನಪಿದೆ.”

ಚಂದಕ್ಕೋ, ಜಾಗಕ್ಕೋ, ಹೆಂಡತಿಗೋ? ಮೂರರಲ್ಲಿ ಯಾವುದು ನಿಜವೆಂದು ಅವಳಿಗೆ ಗೊತ್ತಾಗಲಿಲ್ಲ. ಕೊನೆಯದೇ ನಿಜವಾಗಿದ್ದರೆ ನಲವತ್ತು ವರ್ಷ ಒಂದೇ ಸೂರಿನ ಕೆಳಗಿದ್ದು ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಇದ್ದದ್ದು ಹೇಗೆ ಎಂಬುದಂತೂ ಗೊತ್ತಾಗಲೇ ಇಲ್ಲ.

ಮೂರು ದಿನ ಕಳೆದು ಬೇವಿನ ಮರದ ಕಡೆ ಪೈರು ಕಂಡಿತು. ಸೊಟ್ಟ ಸಾಲಿನವರೆಗೆ ಹಸಿರು ಬಂದು, ಗೆರೆ ಕೊಯ್ದ ಹಾಗೆ ನಿಂತಿತು. ಅದರಾಚೆ ಬರೀ ಮಣ್ಣು. ಅತ್ತೆ ದಿನಕ್ಕೆ ಎರಡು ಸಲ ಹೋಗಿ ಬದುವಿನ ಮೇಲೆ ನಿಂತು ಬರುತ್ತಿದ್ದರು. ಏನಾಯಿತು ಎಂದು ಸೊಸೆ ಕೇಳುತ್ತಿರಲಿಲ್ಲ, ಅವರು ಚಪ್ಪಲಿ ಬಿಡುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಆ ನಡುವೆ ಮೇನೇಜರು ಕರೆಸಿದರು. ಊಟದ ಚೀಲಕ್ಕೆಲ್ಲ ಮತ್ತೆ ನೆಟ್ಟಗಿನ ಅಕ್ಷರವೇ ಆಗಲಿ ಎಂದರು. ಹೇಳುವಾಗ ಅವರಿಗೂ ಬೇಸರವಿದ್ದಂತೆ ಕಂಡಿತು. “ಮತ್ತೆ ಇಷ್ಟೆಲ್ಲ ಮಾಡಿದ್ರಲ್ಲ, ಇದನ್ನೇನು ಮಾಡೋದು?” ಎಂದು ಅವಳ ತಗಡುಗಳ ಕಟ್ಟನ್ನು ತೋರಿಸಿದರು. ಬಿತ್ತಲಿಕ್ಕೂ ತಿನ್ನಲಿಕ್ಕೂ ಆಗದ ಎಲ್ಲಿಗಾದರೂ ಹಾಕೋಣ ಎಂದಳು ಅವಳು. ಲಾರಿ, ತೂಕದ ಕೋಣೆ, ಕೈ ತೊಳೆಯುವ ಬೋರ್ಡು ಹಾಗೇ ಉಳಿದವು. ಅವಳ ಗಂಡ ಕೇಳಿ, “ನನ್ನ ಬಸ್ಸಿನ ಬೋರ್ಡಿಗೆ ಹಾಕ್ಕೊಡು, ನಿಂತಲ್ಲೇ ಓಡಿದ ಹಾಗಿರುತ್ತೆ. ಹೇಗೂ ಅದು ಅರ್ಧ ದಿನ ನಿಂತೇ ಇರುತ್ತೆ,” ಎಂದ.

ಮತ್ತೆ ಬಿತ್ತಿದ ಎಂಟನೆಯ ದಿನ ಅತ್ತೆ ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, “ಬಾ ಇಲ್ಲಿ,” ಎಂದರು.

ಹೋಗಿ ನೋಡಿದರು. ಕಾಲುವೆ ಬದುವಿನ ಕಡೆ, ಬಗ್ಗಿ ನೋಡಿದರಷ್ಟೇ ಕಾಣುವ ಹಾಗೆ, ಸೂಜಿಯಂಥ ಹಸಿರು ಎದ್ದಿತ್ತು. ಎಲ್ಲ ಕಡೆ ಅಲ್ಲ, ಹತ್ತು ಕಾಳಿಗೆ ಏಳೋ ಎಂಟೋ. ಆಚೆಯ ಪೈರು ಆಗಲೇ ನಾಲ್ಕು ಬೆರಳು ಎತ್ತರವಿತ್ತು. ಹೊಲ ಒಂದು ಭುಜ ಇಳಿಬಿಟ್ಟ ಮನುಷ್ಯನ ಹಾಗೆ ಕಂಡಿತು. ಕೊಯ್ಲಿನ ತನಕ ಹಾಗೇ ಇರುತ್ತದೆ. ಆದರೆ ಹೊಲ ಉಳಿದಿತ್ತು. ಸೊಸೆ ಬದುವಿನ ಮೇಲೆ ಕುಕ್ಕರಿಸಿದಳು. ಒಂಬತ್ತು ದಿನದಿಂದ ಬಿಗಿದಿದ್ದ ಬೆನ್ನು ಸಡಿಲವಾಯಿತು.

ತಿರುಗಿ ಬರುವಾಗ ಅತ್ತೆ ಮುಂದೆ, ಅವಳು ಹಿಂದೆ. ಸ್ವಲ್ಪ ದೂರ ಬಂದ ಮೇಲೆ ಅತ್ತೆ ತಿರುಗದೆಯೇ ಕೇಳಿದರು.

“ಅಲ್ಲ ಕಣೆ, ಆ ಹಿಂಗಾಲು ನೀನು ಮರ್ತಿದ್ದೋ, ಬೇಕಂತಲೇ ಬಿಟ್ಟಿದ್ದೋ?”

“ಬೇಕಂತಲೇ ತೆಗೆದೆ ಅತ್ತೆ. ಓಡೋ ಹಾಗೆ ಕಾಣ್ಲಿ ಅಂತ.”

ಅತ್ತೆ ನಾಲ್ಕು ಹೆಜ್ಜೆ ಯೋಚಿಸಿದರು. “ಓಡೋನು ನೆಲಾನ ತಳ್ಳೋದು ಹಿಂಗಾಲಲ್ಲೇ ಅಲ್ವಾ?”

ಅವಳು ನಿಂತುಬಿಟ್ಟಳು. ಹೌದಲ್ಲ ಎನ್ನಿಸಿತು. ಮರುಗಳಿಗೆಯೇ, ಇಲ್ಲ, ಹಮಾಲರ ಹಿಮ್ಮಡಿ ಎದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ ಎನ್ನಿಸಿತು. ಅತ್ತೆ ಉತ್ತರಕ್ಕೆ ಕಾಯದೆ ನಡೆದುಹೋದರು. ಅವಳು ಖಾಲಿ ದಾರಿಯಲ್ಲಿ ಮೈಯನ್ನು ಬಾಗಿಲ ಬೆಣೆಯಷ್ಟು ಮುಂದಕ್ಕೆ ವಾಲಿಸಿದಳು, ಒಂದು ಹೆಜ್ಜೆ ಇಟ್ಟಳು, ಹಾಗೇ ಕತ್ತು ತಿರುಗಿಸಿ ತನ್ನ ಹಿಂಗಾಲನ್ನು ನೋಡಿದಳು. ನೋಡುವುದಕ್ಕೆ ನಿಂತ ಕೂಡಲೇ ಅದು ನೆಲಕ್ಕೆ ಕೂತುಬಿಡುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟು ನೋಡಿದಳು. ಮತ್ತೊಂದು ಹೆಜ್ಜೆ ಇಟ್ಟಳು.

ಬೇಲಿಯಾಚೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ಗೊಣಗಪ್ಪ ಅಲ್ಲಿಂದಲೇ ಕೂಗಿದ. “ಏನಮ್ಮ, ಏನಾದ್ರೂ ಕಳ್ಕೊಂಡ್ಯಾ?”

“ಗೊತ್ತಿಲ್ಲ ದೊಡ್ಡಪ್ಪ,” ಎಂದಳು ಅವಳು, ಕಾಲಿನಿಂದ ಕಣ್ಣು ತೆಗೆಯದೆ.